ಟೀಲ್ ಬೇಯ ಚಳಿಗಾಲದ ಮಂದಿ

ಕ್ಲೈಡ್ ನಾರ್ತ್, ಮೆಲ್ಬರ್ನ್
೨೭ ಏಪ್ರಿಲ್ ೨೦೨೫

ಅವ್ವಾ,

ನಿನ್ನ ಕಿವಿಗೆ ಫೋನು ಒಗ್ಗುವುದಿಲ್ಲ. ವಿಡಿಯೊ ಕಾಲ್‌ನಲ್ಲಿ ನಾನು ಕಿರುಚಿದರೆ ಪಕ್ಕದ ಮನೆಯ ಪಂಜಾಬಿ ಆಂಟಿ ಬೇಲಿಯ ಮೇಲಿಂದ ಇಣುಕುತ್ತಾಳೆ. ವಾಟ್ಸಾಪ್ ಎಂದರೆ ನೀನು "ಹೆಬ್ಬೆಟ್ಟು ಒತ್ತೋದು ಸಾಲಿ ಕಲೀದವರ ಲಕ್ಷಣ" ಅನ್ನುತ್ತೀ. ಹಾಗಾಗಿ ಧಾರವಾಡದ ಮಕ್ಕಳ ಕೈಬರಹ ತಿದ್ದೀ ತಿದ್ದೀ ರಿಟೈರಾದ ಟೀಚರಿಗೆ ಪತ್ರವನ್ನೇ ಬರೆಯುತ್ತಿದ್ದೇನೆ. ಕೆಂಪು ಇಂಕು ಹಾಕಿ ವಾಪಸ್ ಕಳಿಸಬೇಡ.

ಸುದ್ದಿ ಏನೆಂದರೆ, ನಾವು ಎರಡನೆಯ ಮನೆ ಕೊಂಡೆವು. ಊರಿನ ಹೆಸರು ಟೀಲ್ ಬೇ. ನಮ್ಮಿಂದ ಮೂರು ತಾಸಿನ ದಾರಿ, ಗಿಪ್ಸ್‌ಲ್ಯಾಂಡ್ ಕಡೆ, ದೊಡ್ಡದೊಂದು ಸರೋವರದ ದಂಡೆಯ ಮೇಲಿದೆ. ನಮ್ಮ ಕೆಲಗೇರಿ ಕೆರೆಯಂತಲ್ಲ; ಮಂಜು ಬಿದ್ದರೆ ಆಚೆ ದಂಡೆಯೇ ಕಾಣುವುದಿಲ್ಲ. ಕ್ರಿಸ್‌ಮಸ್ ಬಂತೆಂದರೆ ಊರ ತುಂಬ ದೋಣಿ, ಮಕ್ಕಳು, ಐಸ್‌ಕ್ರೀಮ್. ಈಸ್ಟರ್ ಮುಗಿದರೆ ಮನೆ ಮನೆಗೂ ಬೀಗ. ಊರ ಹೊರಗಿನ ಬೋರ್ಡಿನಲ್ಲಿ ಜನಸಂಖ್ಯೆ ೪೬ ಎಂದು ಬರೆದಿದ್ದಾರೆ. ನಿನ್ನ ಮೊಮ್ಮಗಳು ಹರ್ಷಿತಾ ಅದನ್ನು ಓದಿ, "ಫಾರ್ಟಿ ಸಿಕ್ಸ್? ಮೈ ನೆಟ್‌ಬಾಲ್ ಕ್ಲಬ್ ಈಸ್ ಬಿಗರ್!" ಎಂದು ನಕ್ಕಳು. ನಿನ್ನ ಅಳಿಯ ಅಭಿನಂದನ್ ಹೇಳುವುದು, ರಜೆಗೆ ಬರುವವರಿಗೆ ಬಾಡಿಗೆಗೆ ಕೊಟ್ಟರೆ ಮಾರ್ಟ್‌ಗೇಜ್ ಭಾರ ನಮಗೆ ತಟ್ಟುವುದಿಲ್ಲ ಎಂದು.

ಸದ್ಯ ಆ ಮನೆಯಲ್ಲಿ ಡೊರೀನ್ ಎಂಬ ಮುದುಕಿ ಇದ್ದಾಳೆ. ಹನ್ನೊಂದು ವರ್ಷದ ಬಾಡಿಗೆದಾರಳು. ಹಳೆಯ ಮಾಲೀಕ ಮಾರುವಾಗಲೇ ಆಕೆಗೆ ನೋಟಿಸ್ ಕೊಟ್ಟಿದ್ದಾನೆ. ಆಗಸ್ಟ್ ಹತ್ತರವರೆಗೆ ಗಡುವಿದೆ.

ಗೃಹಪ್ರವೇಶಕ್ಕೆ ಒಳ್ಳೆಯ ದಿನ ನೋಡಿ ಬರಿ. ನೀನು ಇಲ್ಲದೆ ನಾನು ಹಾಲು ಉಕ್ಕಿಸುವುದಿಲ್ಲ.

ನಿನ್ನ
ಸಂಧ್ಯಾ


ಪೆಂಡಲ್ ಹಿಲ್, ಸಿಡ್ನಿ
೫ ಮೇ ೨೦೨೫

ಚಿ. ಸೌ. ಸಂಧ್ಯಾರಾಣಿಗೆ ಅವ್ವನ ಆಶೀರ್ವಾದ.

ಅಕ್ಷರ ಸೊಟ್ಟಗೇ ಇವೆ, ಆದರೂ ಪಾಸು ಮಾಡಿದ್ದೇನೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೆದರಿಸುತ್ತಿದ್ದರು. ಈ ದೇಶದಲ್ಲಿ ಕಟ್ಟುವ ಗೋಜೂ ಇಲ್ಲ, ಬ್ಯಾಂಕಿನವರು ತೋರಿಸಿದ ಕಡೆಗೆಲ್ಲ ಸಹಿ ಹಾಕಿದರೆ ಮನೆ ಬರುತ್ತದೆ.

ದಿನ ನೋಡಿದೆ. ಜೂನ್ ಆರು, ಶುಕ್ರವಾರ. ಆ ವಾರ ಲಾಂಗ್ ವೀಕೆಂಡ್ ಇದೆಯೆಂದು ನಿನ್ನ ಅಣ್ಣ ವಿರುಪಾಕ್ಷನೂ ಹೇಳಿದ. ಅವನೇ ನನ್ನನ್ನು ಕರೆದುಕೊಂಡು ಬರುತ್ತಾನೆ. ಅದು ದಾಟಿದರೆ ಗುರು ಅಸ್ತ, ಶುಭಕಾರ್ಯವಿಲ್ಲ; ಅದರ ಬೆನ್ನಿಗೇ ಆಷಾಢ. ಆಷಾಢದಲ್ಲಿ ಹೊಸ ಮನೆ ಹೊಕ್ಕವರನ್ನು ನಾನಂತೂ ನೋಡಿಲ್ಲ. ಜೂನ್ ಆರೇ ಸರಿ.

ಆ ಬಾಡಿಗೆಯಾಕೆಯನ್ನು ಹೋಗಿ ಮಾತಾಡಿಸು. ನಮ್ಮ ಪದ್ಧತಿ ಹೀಗಿದೆ, ಸ್ವಲ್ಪ ಮೊದಲೇ ಬಿಟ್ಟುಕೊಡಲು ಆಗುತ್ತದೆಯೇ ಎಂದು ಕೇಳು. ಕೇಳಿದರೆ ತಪ್ಪೇನು? ಧರ್ಮದ ಮಾತು ಅಂದರೆ ಈ ಜನ ಇಲ್ಲ ಅನ್ನುವುದಿಲ್ಲ. ಇನ್ನೊಬ್ಬರ ಸಂಸಾರವಿರುವ ಮನೆಯಲ್ಲಿ ನಾವು ಹಾಲು ಉಕ್ಕಿಸಲಾಗದು.

ಆಕಳು ಬೇಕು. ಕರು ಸಮೇತ. ಬೊಂಬೆ ಆಕಳು, ಬೆಳ್ಳಿ ಆಕಳು ಅಂತ ನನ್ನ ಮುಂದೆ ಆಟ ಹೂಡಬೇಡ.

ನಿನ್ನ ಅವ್ವ
ಅನ್ನಪೂರ್ಣವ್ವ


ಕ್ಲೈಡ್ ನಾರ್ತ್
೧೮ ಮೇ ೨೦೨೫

ಅವ್ವಾ,

ನಿನ್ನೆ ಟೀಲ್ ಬೇಗೆ ಹೋಗಿದ್ದೆವು. ಡೊರೀನ್ ತನ್ನ ಹೂವಿನ ಚಿತ್ರದ ಕಪ್ಪುಗಳಲ್ಲಿ ಚಹಾ ಮಾಡಿ ಕೊಟ್ಟಳು. ಎತ್ತರದ ಹೆಂಗಸು, ಗಂಡಸರ ಗಂಬೂಟು, ಸ್ವೆಟರಿನ ಮೊಣಕೈಗೆ ತೇಪೆ. ಅಡುಗೆಮನೆಯ ಗೋಡೆಯ ತುಂಬ ಮೊಳೆಗಳು, ಮೊಳೆಗೊಂದು ಬೀಗದಕೈ. ರಜೆಯವರು ಹೋದ ಮೇಲೆ ಅವರ ಮನೆಗಳನ್ನೆಲ್ಲ ಇವಳೇ ನೋಡಿಕೊಳ್ಳುತ್ತಾಳಂತೆ. ಶುಕ್ರವಾರ ಸಂಜೆ, ವರ್ಷಪೂರ್ತಿ ಅಲ್ಲೇ ಇರುವ ಚಳಿಗಾಲದ ಮಂದಿ ಊರಿನ ಹಾಲ್‌ನಲ್ಲಿ ಸೇರಿ ಒಟ್ಟಿಗೆ ಸೂಪ್ ಕುಡಿಯುತ್ತಾರೆ. ಯಾರಾದರೂ ಬರದಿದ್ದರೆ ಡೊರೀನ್ ಅವರ ಮನೆಗೆ ಹೋಗಿ ಬಾಗಿಲು ಬಡಿಯುತ್ತಾಳೆ. "ಇಲ್ಲಿ ಯಾರಾದ್ರೂ ಬಿದ್ರೆ ಎಬ್ಬಿಸೋಕೆ ನಾವೇ ತಾನೆ, ಲವ್" ಅಂದಳು.

ನಾನು ವಿಷಯ ತೆಗೆದೆ. ನಮ್ಮ ಧರ್ಮ, ಗುರು ಅಸ್ತ, ಆಷಾಢ, ಎಲ್ಲ ಹೇಳಿದೆ. ಆಕೆ ಎದ್ದು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತಳು. ಬೆನ್ನು ನಮ್ಮ ಕಡೆಗಿತ್ತು.

"ಆಚೆ ರೋಡಲ್ಲಿ ಒಬ್ರ ಮನೆ ಹಿಂದಿನ ಸಣ್ಣ ಯೂನಿಟ್ ಆಗಸ್ಟಿಗೆ ಖಾಲಿ ಆಗುತ್ತೆ. ಅದನ್ನ ನಂಗೇ ಕೊಡ್ತೀನಿ ಅಂದಿದ್ರು. ಅದಕ್ಕೇ ಆಗಸ್ಟ್ ಅಂದ್ಕೊಂಡಿದ್ದೆ."

ಅಭಿನಂದನ್ ಬಿಸ್ಕೀಟು ತಿನ್ನುತ್ತಿದ್ದರು. ಆಮೇಲೆ ಅವಳೇ, "ರಿಲಿಜಿಯಸ್ ವಿಷ್ಯ ಅಂದ್ರೆ ನಾನು ಅಡ್ಡ ಬರಲ್ಲ. ಹೇಗೋ ಆಗುತ್ತೆ. ನೋ ವರೀಸ್" ಅಂದಳು.

ಆಕಳಿನ ಮಾತು ಬಂದಾಗ ಮಾತ್ರ ಹೊಟ್ಟೆ ಹಿಡಿದು ನಕ್ಕಳು. "ಹಸೂನಾ? ಕಾರ್ಪೆಟ್ ಮೇಲಾ?" ಆಕೆಯ ಪರಿಚಯದ ಬ್ರಯನ್ ಎಂಬ ರೈತನ ಹತ್ತಿರ ಸಾಧು ಜರ್ಸಿ ಇದೆಯಂತೆ, ತಾನೇ ಕೇಳುತ್ತೇನೆ ಅಂದಳು.

ಒಟ್ಟಿನಲ್ಲಿ ಎಲ್ಲ ಹೂವಿನಂತೆ ಸರಾಗವಾಗಿ ಆಯಿತು, ಅವ್ವ. ಆದರೂ ಬರುವಾಗ ದಾರಿಯುದ್ದಕ್ಕೂ ಆ ಕ್ಯಾಲೆಂಡರೇ ನನ್ನ ಕಣ್ಣ ಮುಂದಿತ್ತು.

ನಿನ್ನ
ಸಂಧ್ಯಾ


ಕ್ಲೈಡ್ ನಾರ್ತ್
೨೨ ಜೂನ್ ೨೦೨೫

ಅವ್ವಾ,

ನೀನು ಸಿಡ್ನಿಗೆ ಮರಳಿ ಎರಡು ವಾರವಾಯಿತು. ಒಂದು ಸಾಲೂ ಇಲ್ಲ. ಏರ್‌ಪೋರ್ಟಿನಲ್ಲೂ ಮುಖ ಗಂಟು ಹಾಕಿಕೊಂಡಿದ್ದೆ. ಹೋಳಿಗೆ ಗಟ್ಟಿಯಾಗಿದ್ದವು ಎಂದು ಸಿಟ್ಟೋ?

ಫೋಟೊ ಕಳಿಸುತ್ತಿದ್ದೇನೆ. ನೀನೂ ನಾವೂ ಕೊಡ ಹಿಡಿದು ಸರೋವರದಲ್ಲಿ ಗಂಗೆಪೂಜೆ ಮಾಡಿದ್ದು. ಅಂಗಡಿಯ ಮುಂದೆ ಉಣ್ಣೆಯ ಟೋಪಿ ಹಾಕಿಕೊಂಡ ಊರ ಮಂದಿ ಸಾಲಾಗಿ ನಿಂತು ನೋಡುತ್ತಿರುವುದು. ನಮ್ಮ ಕಲ್ಲಯ್ಯ ಸ್ವಾಮಿಗಳು ಮಂತ್ರ ಹೇಳುತ್ತಿರುವುದು. ಅವರು ಟ್ರುಗನಿನಾದ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವರು ಅಂದರೆ ಈ ಫೋಟೊ ನೋಡಿದ ಯಾರೂ ನಂಬುವುದಿಲ್ಲ.

ಇನ್ನೊಂದು ಫೋಟೊ ಕಳಿಸಲೋ ಬೇಡವೋ ಎಂದು ಯೋಚಿಸಿ ಕಳಿಸಿದ್ದೇನೆ. ಆಕಳು ಹೊಸ್ತಿಲ ಹತ್ತಿರ ಹಟ ಹಿಡಿದಾಗ ಬ್ರಯನ್ ಎಳೆದರೂ ಬರಲಿಲ್ಲ. ಆಗ ಡೊರೀನ್ ಕಾರಿನಿಂದ ಇಳಿದು ಬಂದು ಹಗ್ಗ ಹಿಡಿದು, ಅದರ ಕಿವಿಯಲ್ಲಿ ಏನೋ ಹೇಳಿ ಒಳಗೆ ನಡೆಸಿಕೊಂಡು ಹೋದಳು. ಅವಳ ಕಾರಿನ ತುಂಬ ಅವಳದೇ ಸಾಮಾನು. ಬೆಳಿಗ್ಗೆ ಖಾಲಿ ಮಾಡಿದ ಮನೆಗೆ ಮಧ್ಯಾಹ್ನ ನಮ್ಮ ಆಕಳನ್ನು ಹೊಗಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಆಮೇಲೆ ನೀನು ಒಳಗಿನಿಂದ ತೆಂಗಿನಕಾಯಿ, ಅಕ್ಕಿ, ಕುಪ್ಪಸದ ಬಟ್ಟೆ ತಂದು ವರಾಂಡದಲ್ಲಿ ಅವಳಿಗೆ ಉಡಿ ತುಂಬಿದೆ. ಹೇಗೆ ಹಿಡಿಯಬೇಕೆಂದು ತಿಳಿಯದೆ ಆಕೆ ರೇನ್‌ಕೋಟಿನ ಅಂಚು ಎತ್ತಿ ಒಡ್ಡಿದಳು. ಮಗಳನ್ನು ಕಳಿಸಿಕೊಡುವಾಗ ತುಂಬುವ ಉಡಿಯನ್ನು ಅವಳಿಗೇಕೆ ತುಂಬಿದೆ ಎಂದು ನಾನು ಕೇಳಲಿಲ್ಲ. ನೀನೂ ಹೇಳಲಿಲ್ಲ.

ಉತ್ತರ ಬರಿ.

ನಿನ್ನ
ಸಂಧ್ಯಾ


ಪೆಂಡಲ್ ಹಿಲ್
೧೩ ಜುಲೈ ೨೦೨೫

ಚಿ. ಸೌ. ಸಂಧ್ಯಾರಾಣಿಗೆ,

ಹೋಳಿಗೆ ಚೆನ್ನಾಗಿದ್ದವು. ಇಲ್ಲಿ ಚಳಿ. ಕಣ್ಣಿನ ಆಪರೇಷನ್ ಆಗಸ್ಟ್ ಎರಡನೆಯ ವಾರಕ್ಕೆ ಗೊತ್ತಾಗಿದೆ. ವಿರುಪಾಕ್ಷ ಹೊಸ ಹೀಟರ್ ತಂದಿದ್ದಾನೆ. ಅದು ಬುಸುಗುಡುವುದು ನನ್ನ ಕಿವಿಗೂ ಕೇಳಿಸುತ್ತದೆ ಅಂದರೆ ನೀನೇ ತಿಳಿದುಕೋ. ಹರ್ಷಿತಾಳಿಗೆ ಹಾಲು ಕುಡಿಯಲು ಹೇಳು.

ಆಕೆ ಈಗ ಎಲ್ಲಿದ್ದಾಳೆ?

ನಿನ್ನ ಅವ್ವ


ಕ್ಲೈಡ್ ನಾರ್ತ್
೧೭ ಆಗಸ್ಟ್ ೨೦೨೫

ಅವ್ವಾ,

ಆಪರೇಷನ್ ಚೆನ್ನಾಗಿ ಆಯಿತೆಂದು ಅಣ್ಣ ಹೇಳಿದ. ಕಣ್ಣಿಗೆ ಆಯಾಸ ಮಾಡಿಕೊಳ್ಳದೆ ಇದನ್ನು ಅವನಿಂದ ಓದಿಸಿಕೋ. ಬೇಡ, ನೀನೇ ನಿಧಾನವಾಗಿ ಓದು.

ನಿನ್ನ ಒಂದು ಸಾಲಿನ ಪ್ರಶ್ನೆ ನನ್ನನ್ನು ತಿಂಗಳು ಪೂರ್ತಿ ಕುಟ್ಟಿದೆ. ಎಲ್ಲಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಅಭಿನಂದನ್ ಅವರನ್ನು ಕೇಳಿದರೆ ರೇಗಿದರು. "ಆಕಿ ಹೂಂ ಅಂದಾಳಲ್ಲ? ನಾವೇನು ಕುತ್ತಿಗಿ ಹಿಡದು ಹೊರಗ ಹಾಕೀವೇನು?" ನಿಜ, ಹಾಕಿಲ್ಲ. ನಗುತ್ತಾ ಕೇಳಿದೆವು, ಅಷ್ಟೆ.

ಕಳೆದ ಶನಿವಾರ ಪೇಂಟ್ ಕೆಲಸ ನೋಡಲು ಹೋದಾಗ ಅಂಗಡಿಯ ರಾನ್ ಹತ್ತಿರ ಹಾಲು ತೆಗೆದುಕೊಂಡೆ. ಸಭ್ಯ ಮನುಷ್ಯ, ದನಿ ಏರಿಸುವವನಲ್ಲ. "ನೀವು ಮೂರು ಜನ ಬರ್ತೀರಿ, ಒಬ್ಬಳು ಹೋಗ್ತಾಳೆ, ಊರಿಗೆ ಲಾಭಾನೇ ಅಂದ್ಕೊಂಡಿದ್ವಿ. ಬಾಡಿಗೆಗೆ ಬಿಡ್ತೀರಂತ ಆಮೇಲೆ ಗೊತ್ತಾಯ್ತು" ಅಂದ. ಆ ಹಿಂದಿನ ಯೂನಿಟ್ ಏನಾಯಿತೆಂದು ಕೇಳಿದೆ. ಡೊರೀನ್ ಜೂನ್‌ನಲ್ಲೇ ಊರು ಬಿಟ್ಟದ್ದರಿಂದ ಅವಳಿಗೆ ಬೇರೆ ಕಡೆ ಅನುಕೂಲವಾಯಿತೆಂದು ತಿಳಿದು ಅದರ ಮಾಲೀಕರೂ ಅದನ್ನು ರಜೆಯವರಿಗೆ ಕೊಡುತ್ತಿದ್ದಾರಂತೆ. ಅವಳೀಗ ಐವತ್ತು ನಿಮಿಷ ದೂರದ ಪೇಟೆಯಲ್ಲಿ ಒಂದು ಕ್ಯಾರವಾನ್ ಪಾರ್ಕಿನಲ್ಲಿದ್ದಾಳೆ.

ಸಂಜೆ ಹೊರಡುವಾಗ ನಮ್ಮ ರಸ್ತೆಯಲ್ಲಿ ಒಂದು ಮನೆಯಲ್ಲೂ ದೀಪವಿರಲಿಲ್ಲ. ಆ ಸಾಲಿನಲ್ಲಿ ಚಳಿಗಾಲ ಪೂರ್ತಿ ಉರಿಯುತ್ತಿದ್ದದ್ದು ಡೊರೀನಳ ದೀಪ ಒಂದೇ ಎಂದು ರಾನ್ ಹೇಳಿದ್ದ. ನಾನು ವಾಪಸ್ ಒಳಗೆ ಹೋಗಿ ವರಾಂಡದ ಸ್ವಿಚ್ ಹಾಕಿದೆ. ದಾರಿಯಲ್ಲಿ ಅಭಿನಂದನ್ ಕರೆಂಟ್ ಬಿಲ್ಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರಿಗೂ ಚುಚ್ಚುತ್ತಿದೆ, ಒಪ್ಪಿಕೊಳ್ಳುವುದಿಲ್ಲ.

ಸೆಪ್ಟೆಂಬರ್ ಸ್ಕೂಲ್ ರಜೆಗೆ ಮನೆ ಪೂರ್ತಿ ಬುಕ್ ಆಗಿದೆ. ಇದು ಸಂತೋಷದ ಸುದ್ದಿ ಎಂದು ಬರೆಯಬೇಕಿತ್ತು.

ನಿನ್ನ
ಸಂಧ್ಯಾ


ಕ್ಲೈಡ್ ನಾರ್ತ್
೫ ಅಕ್ಟೋಬರ್ ೨೦೨೫

ಅವ್ವಾ,

ನಿನ್ನಿಂದ ಉತ್ತರವಿಲ್ಲ. ಆದರೂ ಇದನ್ನು ನಿನಗಲ್ಲದೆ ಯಾರಿಗೆ ಬರೆಯಲಿ?

ಮನೆಯಲ್ಲಿ ಉಳಿದುಕೊಂಡು ಹೋದವರೆಲ್ಲ ಭಾರೀ ಹೊಗಳಿ ಬರೆಯುತ್ತಿದ್ದರು. ಮನೆ ಕನ್ನಡಿಯಂತಿದೆ, ಒಲೆಯಲ್ಲಿ ಕಟ್ಟಿಗೆ ಜೋಡಿಸಿಟ್ಟಿರುತ್ತದೆ, ಹಂಸಗಳು ಎಲ್ಲಿ ಮರಿ ಮಾಡಿವೆಯೆಂದು ಚೀಟಿ ಇಟ್ಟಿರುತ್ತದೆ ಎಂದು. ಕ್ಲೀನಿಂಗ್ ಏಜೆನ್ಸಿಯವರು ಒಳ್ಳೆಯವರು ಸಿಕ್ಕರೆಂದು ನಾವು ಖುಷಿಪಟ್ಟೆವು. ನಿನ್ನೆ ಮುರಿದ ನಲ್ಲಿ ಬದಲಿಸಲು ಹೋದೆ. ಒಳಗೆ ವ್ಯಾಕ್ಯೂಮ್ ಸದ್ದು ಕೇಳುತ್ತಿತ್ತು. ಬಾಗಿಲು ತೆರೆದರೆ ಡೊರೀನ್.

ಅವಳೇ ಮಿಷನ್ ಆರಿಸಿ, "ಮೆತ್ತಗೆ ಬಾ ಲವ್, ನೆಲ ಒದ್ದೆ ಇದೆ" ಅಂದಳು.

ಕ್ಯಾರವಾನ್ ಪಾರ್ಕಿನಿಂದ ಕಾರು ಓಡಿಸಿಕೊಂಡು ಬರುತ್ತಾಳೆ. ಏಜೆನ್ಸಿಯವರು ಬೇರೆ ಮನೆಗಳನ್ನೂ ತೋರಿಸಿದ್ದರಂತೆ. ಇದನ್ನು ತಾನೇ ಕೇಳಿ ಪಡೆದಳಂತೆ. ಯಾಕೆ ಎಂದೆ. "ಇದರ ಹೀಟರ್ ಬೇರೆ ಯಾರ ಮಾತೂ ಕೇಳಲ್ಲ" ಅಂದಳು. ಹನ್ನೊಂದು ವರ್ಷ ತಾನು ಮಲಗಿದ ಕೋಣೆಯಲ್ಲಿ ಯಾರೋ ಮಲಗೆದ್ದ ಹಾಸಿಗೆಯ ಹೊದಿಕೆ ಬದಲಿಸುತ್ತಿದ್ದಳು. ನಾನು ಇನ್ನೊಂದು ತುದಿ ಹಿಡಿಯಲು ಹೋದೆ. "ಬಿಡು ಬಿಡು, ಇದಕ್ಕೆ ನಂಗೆ ದುಡ್ಡು ಕೊಡ್ತಾರೆ" ಎಂದು ನಕ್ಕಳು.

ಸಾರಿ ಅಂದೆ. ಈ ದೇಶದಲ್ಲಿ ಬಸ್ಸಿನಲ್ಲಿ ಕೈ ತಗುಲಿದರೂ ಅದನ್ನೇ ಹೇಳುತ್ತಾರೆ. ಅವಳು, "ಯೂ ವರ್ ನಾಟ್ ಟು ನೋ, ನಿಮಗೆ ಹೇಗೆ ಗೊತ್ತಾಗ್ಬೇಕು" ಅಂದಳು.

ನಮಗೆ ಗೊತ್ತಿತ್ತು, ಅವ್ವ. ಆಗಸ್ಟ್ ಎಂದು ಆಕೆ ಬಾಯಿಬಿಟ್ಟು ಹೇಳಿದ್ದಳು. ನಾಚಿಕೆಯಿಂದ ಸತ್ತುಹೋದೆ. ನಲ್ಲಿ ಬದಲಿಸದೆ ವಾಪಸ್ ಬಂದೆ.

ನಿನ್ನ
ಸಂಧ್ಯಾ


ಪೆಂಡಲ್ ಹಿಲ್
೧೯ ಅಕ್ಟೋಬರ್ ೨೦೨೫

ಸಂಧ್ಯಾ,

ಕಣ್ಣು ಈಗ ಸ್ಪಷ್ಟವಾಗಿದೆ. ನಿನ್ನ ಪತ್ರವನ್ನು ನಾನೇ ಓದಿದೆ.

ಶ್ರಾವಣದಲ್ಲಿ ದಿನವಿತ್ತು. ಆಗಸ್ಟ್ ಹತ್ತು ಕಳೆದ ಮೇಲೂ ಒಳ್ಳೆಯ ದಿನವಿತ್ತು. ನಾನು ನಿನಗೆ ಬರೆಯಲಿಲ್ಲ.

ಕಣ್ಣಿನ ಡಾಕ್ಟರು ಆಗಸ್ಟ್ ಎಂದು ಮೊದಲೇ ಹೇಳಿದ್ದರು. ಆಪರೇಷನ್ ಆದ ಮೇಲೆ ಪ್ರಯಾಣ ಬೇಡ, ಹೊಗೆ ಬೇಡ ಅಂದಿದ್ದರು. ನಾನಿಲ್ಲದೆ ನೀವು ಹಾಲು ಉಕ್ಕಿಸಿಬಿಡುತ್ತೀರಿ, ಆಮೇಲೆ ಫೋಟೊ ಕಳಿಸುತ್ತೀರಿ, ನಾನು ಇಲ್ಲಿ ಭೂತಗನ್ನಡಿ ಹಿಡಿದು ನೋಡಬೇಕು ಎಂಬುದನ್ನು ಸಹಿಸಲಾಗಲಿಲ್ಲ. ಮುದುಕಿಯ ಆಸೆ. ಅದಕ್ಕೆ ಪಂಚಾಂಗವನ್ನು ಅಡ್ಡ ಹಿಡಿದೆ. ಆಷಾಢದ ಹೆಸರಿನಲ್ಲಿ ನನ್ನಷ್ಟೇ ವಯಸ್ಸಿನ ಇನ್ನೊಬ್ಬ ಹೆಂಗಸನ್ನು ಚಳಿಯಲ್ಲಿ ಹೊರಗೆ ಕಳಿಸಿದೆ. ಮಕ್ಕಳು ಸುಳ್ಳು ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವಳು ನಾನು.

ಅಂದು ಅವಳು ಕಾರಿನಿಂದ ಇಳಿದು ಆಕಳ ಹಗ್ಗ ಹಿಡಿದಾಗ ನಾನು ಅವಳ ಮುಖ ನೋಡಲಾರದೆ ಒಳಗೆ ಹೋದೆ. ಕೈಗೆ ಸಿಕ್ಕಿದ್ದು ತೆಂಗಿನಕಾಯಿ, ಉಡಿ ತುಂಬಿದೆ. ಮಾಡಿದ ಪಾಪ ಒಂದು ಕಾಯಿಗೆ ತೀರುವಂತಿದ್ದರೆ ತೆಂಗಿನ ತೋಟದವರೆಲ್ಲ ಸ್ವರ್ಗಕ್ಕೆ ಹೋಗುತ್ತಿದ್ದರು.

ಮನೆ ಆಕೆಗೆ ವಾಪಸ್ ಕೊಡು. ಹಳೆಯ ಬಾಡಿಗೆಗೇ ಕೊಡು. ಅಭಿನಂದನ್ ಸಿಟ್ಟಾದರೆ ಅತ್ತೆ ಹೇಳಿದಳೆಂದು ಹೇಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನಗುವವರು ನಗಲಿ.

ಒಂದು ಮಾತು. ಪಂಚಾಂಗ ನಿನ್ನ ಫೋನಿನಲ್ಲೂ ಇತ್ತಲ್ಲ?

ನಿನ್ನ ಅವ್ವ


ಕ್ಲೈಡ್ ನಾರ್ತ್
೧೬ ನವೆಂಬರ್ ೨೦೨೫

ಅವ್ವಾ,

ಇತ್ತು. ನೋಡಿದ್ದೆ. ಶ್ರಾವಣದ ದಿನಗಳು ನನ್ನ ಕಣ್ಣಿಗೂ ಬಿದ್ದಿದ್ದವು. ಸೆಪ್ಟೆಂಬರ್ ರಜೆಯೊಳಗೆ ಪೇಂಟ್ ಆಗಬೇಕು, ಹೊಸ ಸೋಫಾ ಬರಬೇಕು. ನಿನ್ನ ಜೂನ್ ಆರು ನಮಗೆ ಅನುಕೂಲವಾಗಿತ್ತು. ದೊಡ್ಡವರು ಹೇಳಿದ್ದಾರೆ ಅಂದರೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ ಎಂದು ಗೊತ್ತಿತ್ತು. ನೀನು ಪಂಚಾಂಗವನ್ನು ಅಡ್ಡ ಹಿಡಿದೆ, ನಾನು ನಿನ್ನನ್ನು ಅಡ್ಡ ಹಿಡಿದೆ.

ಮನೆಯಲ್ಲಿ ಜಗಳವಾಯಿತು. ಕ್ರಿಸ್‌ಮಸ್, ಜನವರಿ ಎಲ್ಲ ಬುಕ್ ಆಗಿದೆ, ಈಗ ಕ್ಯಾನ್ಸಲ್ ಮಾಡಿದರೆ ಜನ ಉಗಿಯುತ್ತಾರೆ ಎಂದು ಅಭಿನಂದನ್ ಅಂದರು. "ಧರ್ಮಛತ್ರ ನಡಸಾಕ ಸಾಲಾ ಮಾಡೇನೇನು?" ಎಂದೂ ಕೂಗಿದರು. ನಾನೂ ಕೂಗಿದೆ. ಹರ್ಷಿತಾ ಊಟ ಮಾಡುತ್ತಾ ಕೂತಿದ್ದವಳು ತಲೆ ಎತ್ತಿ, "ಸೋ ವೇರ್ ಡಸ್ ಡೊರೀನ್ ಹ್ಯಾವ್ ಕ್ರಿಸ್‌ಮಸ್?" ಎಂದು ಕೇಳಿದಳು. ನಾಲ್ಕು ದಿನದ ಮೇಲೆ ಅಭಿನಂದನ್ ತಾವೇ ಕೂತು ಒಂದೊಂದೇ ಬುಕಿಂಗ್ ರದ್ದು ಮಾಡಿದರು.

ಕ್ಯಾರವಾನ್ ಪಾರ್ಕಿಗೆ ಇಬ್ಬರೂ ಹೋದೆವು. ನಮ್ಮ ಗ್ಯಾರೇಜಿನ ಅರ್ಧದಷ್ಟು ಜಾಗ. ಸಾಮಾನಿನ ಪೆಟ್ಟಿಗೆಗಳು ಹಾಸಿಗೆಯ ಕೆಳಗೂ ಮೇಲೂ. ವಿಷಯ ಹೇಳಿದೆವು. ಆಕೆ ಮೊದಲು ನಂಬಲಿಲ್ಲ. ನಂಬಿದ ಮೇಲೆ ಮೊದಲ ಬಾರಿಗೆ ಸಿಟ್ಟಾದಳು. "ನಿಮ್ಮ ದೇವ್ರು ಜೂನ್ ಅಂದ, ಈಗ ಡಿಸೆಂಬರ್ ಅಂತಾನಾ?" ಎಂದಳು. ದೇವರಲ್ಲ, ನಾವೇ ಎಂದೆ. ಶ್ರಾವಣದ ಕಥೆಯನ್ನೂ ಮುಚ್ಚಿಡದೆ ಹೇಳಿದೆ, ನಿನ್ನದೂ ನನ್ನದೂ. ಈ ಸಲ ಆಕೆ ನೋ ವರೀಸ್ ಅನ್ನಲಿಲ್ಲ. ಅದಕ್ಕೆ ನನಗೆ ಎಷ್ಟು ಹಗುರಾಯಿತೆಂದರೆ ಅಲ್ಲೇ ಅತ್ತುಬಿಟ್ಟೆ.

ಐದು ವರ್ಷದ ಕರಾರು ಬರೆದು ಸಹಿ ಹಾಕಿದ್ದೇವೆ. ಡಿಸೆಂಬರ್ ಮೊದಲ ವಾರ ಬರುತ್ತಾಳೆ.

ನಿನ್ನ
ಸಂಧ್ಯಾ


ಕ್ಲೈಡ್ ನಾರ್ತ್
೧೮ ಜನವರಿ ೨೦೨೬

ಅವ್ವಾ,

ಬೇಸಿಗೆಯ ಟೀಲ್ ಬೇ ನೋಡಬೇಕೆಂದು ನಿನ್ನೆ ಮೂವರೂ ಹೋಗಿದ್ದೆವು. ನೀರಿನ ತುಂಬ ಮಕ್ಕಳು. ಕಾರು ನಿಲ್ಲಿಸಲು ಜಾಗವಿಲ್ಲ. ರಾನ್ ಅಂಗಡಿಯಲ್ಲಿ ಬೆವರು ಒರೆಸಿಕೊಳ್ಳುತ್ತಲೇ ನಮಗೆ ಕೈ ಬೀಸಿದ. ಹರ್ಷಿತಾಳ ಐಸ್‌ಕ್ರೀಮಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ನಾನು ಒಳಗೊಳಗೇ ಹಿಗ್ಗಿದೆ. ಒಳ್ಳೆಯ ಕೆಲಸ ಮಾಡಿದವರ ಹಾಗೆ ಎದೆಯುಬ್ಬಿಸಿಕೊಂಡು ಡೊರೀನ್ ಬಾಗಿಲು ತಟ್ಟಿದೆ.

ಪ್ರೀತಿಯಿಂದಲೇ ಕರೆದಳು. ನಿನ್ನನ್ನು ಕೇಳಿದಳು, ಕಣ್ಣು ಹೇಗಿದೆ ಎಂದಳು. ಸಿಟ್ಟೇನೂ ಉಳಿದಿರಲಿಲ್ಲ. ಚಹಾ ಕೊಟ್ಟದ್ದು ನಮ್ಮ ಬಾಡಿಗೆ ಕಪ್ಪುಗಳಲ್ಲಿ, ರಜೆಯವರಿಗೆಂದು ನಾನು ಕೊಂಡಿಟ್ಟಿದ್ದ ಒಂದೇ ಬಣ್ಣದ ಕಪ್ಪುಗಳು. ಅವಳ ಹೂವಿನ ಕಪ್ಪುಗಳು ಎಲ್ಲಿ ಎಂದು ಹರ್ಷಿತಾ ಕೇಳಿದಳು. ಕಪ್ಪು ಒಡೆದವೇನೋ ಎಂದು ನಾನು ಅಂದುಕೊಂಡೆ.

ಕೈ ತೊಳೆಯಲು ಹೋಗುವಾಗ ಮಲಗುವ ಕೋಣೆಯ ಬಾಗಿಲು ತೆರೆದಿತ್ತು. ಪೆಟ್ಟಿಗೆಗಳೆಲ್ಲ ಗೋಡೆಗೆ ಒತ್ತಿ ಜೋಡಿಸಿದ್ದವು, ಕ್ಯಾರವಾನಿನಲ್ಲಿ ನೋಡಿದವೇ. ಒಂದರ ಟೇಪನ್ನೂ ಕಿತ್ತಿರಲಿಲ್ಲ. ಮಂಚದ ಪಕ್ಕದಲ್ಲಿ ಒಂದು ಸೂಟ್‌ಕೇಸ್ ಬಾಯಿ ತೆರೆದು ಬಿದ್ದಿತ್ತು; ಅದರಲ್ಲಿ ನಾಲ್ಕಾರು ಬಟ್ಟೆ ಮಡಚಿಟ್ಟಿದ್ದಳು. ಇಷ್ಟು ದಿನವೂ ಅದರಿಂದಲೇ ಬದುಕುತ್ತಿದ್ದಾಳೆ.

ಅವಳು ನನ್ನ ಹಿಂದೆ ಬಂದು ನಿಂತದ್ದು ತಿಳಿಯಲಿಲ್ಲ.

"ಐದು ವರ್ಷ ಅಂತ ಬರೆದು ಕೊಟ್ಟಿದ್ದೀವಲ್ಲ, ಡೊರೀನ್" ಅಂದೆ.

"ಗೊತ್ತು ಲವ್. ನೀವು ಒಳ್ಳೆ ಜನ." ನನ್ನ ಭುಜದ ಮೇಲೆ ಕೈಯಿಟ್ಟು, ಸಮಾಧಾನ ಮಾಡುವವಳ ಹಾಗೆ ಹೇಳಿದಳು. "ಆದ್ರೂ ಪೆಟ್ಟಿಗೆ ಹಾಗೇ ಇರಲಿ ಬಿಡು. ಮತ್ತೆ ಕೇಳಿದ್ರೆ ಈ ಸಲ ಬೇಗ ಹೊರಡಬಹುದು."

ನಿನ್ನ
ಸಂಧ್ಯಾ